ಮಗನ ಮೊದಲ ಪ್ರವಾಸ, ಅಮ್ಮನ ಮೊದಲ ಪರೀಕ್ಷೆ



ಸಂಕ್ರಾಂತಿ ಕಳೆದು ವಾರವಾಗಿತ್ತು. ಹಿತ್ತಿಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ನಾಲ್ಕನೇ ಕ್ಲಾಸಿನ ನನ್ನ ಮಗ ಬೂಟನ್ನೂ ಬಿಚ್ಚದೆ ಒಳಗೆ ಓಡಿಬಂದು ಒಂದು ಚೀಟಿಯನ್ನು ಮೊರದೊಳಗೇ ಹಾಕಿದ. "ಅಮ್ಮಾ, ಸಹಿ ಮಾಡು. ನಮ್ಮ ಕ್ಲಾಸಿನವರು ಟ್ರಿಪ್ ಹೋಗ್ತೀವಿ. ಒಂದು ರಾತ್ರಿ ಅಲ್ಲೇ ಮಲಗ್ತೀವಿ!"

ಚೀಟಿ ಓದಿದೆ. ಫೆಬ್ರುವರಿಯ ಎರಡನೇ ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟು ಭಾನುವಾರ ರಾತ್ರಿ ವಾಪಸು. ಸಾಗರದ ಹತ್ತಿರದ ಒಂದು ಹಳ್ಳಿ, ಅವರ ಕ್ಲಾಸ್ ಟೀಚರ ತವರುಮನೆ. ಅಡಿಕೆ ತೋಟ, ದನದ ಕೊಟ್ಟಿಗೆ, ಆಲೆಮನೆ ನೋಡಿ, ಬರುವಾಗ ಇಕ್ಕೇರಿ, ಕೆಳದಿಗೆ ಹೋಗಿ ಬರುವುದು. ಒಬ್ಬರಿಗೆ ಎಂಟುನೂರು ರೂಪಾಯಿ. ಹರಿಹರದಂಥ ಊರಿನ ಮಕ್ಕಳಿಗೆ ಹೊಳೆ ಗೊತ್ತು, ಭತ್ತದ ಗದ್ದೆ ಗೊತ್ತು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡಿ ಜಲ್ಲೆ ಎಳೆಯೋದೂ ಗೊತ್ತು. ಆದರೆ ಕಬ್ಬು ಬೆಲ್ಲವಾಗುವುದನ್ನು ಅವರು ಕಂಡಿಲ್ಲ. ಕಣ್ಣಿಗೆ ಒಂದೇ ಒಂದು ಬೀದಿದೀಪ ಬೀಳದ ರಾತ್ರಿಯನ್ನಂತೂ ಕಂಡೇ ಇಲ್ಲ. ಒಳ್ಳೆಯದೇ ಆಯಿತು ಅಂದುಕೊಂಡು ಸಹಿ ಮಾಡಲು ಪೆನ್ನು ಹುಡುಕಿದೆ.

ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಮಗ ಅಡಿಗೆಮನೆಗೆ ಬಂದ. ಸಂಜೆಯ ಕುಣಿತ ಮುಖದಲ್ಲಿ ಇರಲಿಲ್ಲ. ನನ್ನ ಸೆರಗಿನ ತುದಿ ಹಿಡಿದುಕೊಂಡು ಮೆಲ್ಲಗೆ ಹೇಳಿದ.

"ಅಮ್ಮಾ, ನಾನು ಹೋಗಲ್ಲ."

"ಯಾಕೋ?"

"ಸುಮ್ನೆ."

ಯಾಕೆ ಅಂತ ನನಗೆ ಗೊತ್ತಾಯಿತು. ಕೇಳಬಾರದಿತ್ತು.

ಸೋದರಿಯರೇ, ಇದನ್ನು ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿ ಕೊನೆಗೆ ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ಆದ್ರೆ ನನ್ನ ಹೆಸರು ಹಾಕಬೇಡ" ಅಂದ. ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಒಂಬತ್ತು ತುಂಬಿದ್ದರೂ ನನ್ನ ಮಗ ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ, ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಮನೆಯೊಳಗೆ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಹೊಸ್ತಿಲು ದಾಟಬಾರದ ಮಾತು.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮನೆಗೆ ನೆಂಟರು ಬರುವವರಿದ್ದರು. ಅವತ್ತೇ ಹಾಸಿಗೆ ಒದ್ದೆ. ಸಿಟ್ಟು ನೆತ್ತಿಗೇರಿ, ಚಾದರವನ್ನು ಮುಂದಿನ ತಂತಿಯ ಮೇಲೆ ಒಗೆದು, "ನೋಡಲಿ, ಎಲ್ಲರೂ ನೋಡಲಿ, ಆಗಲಾದ್ರೂ ನಾಚಿಕೆ ಬರುತ್ತೆ" ಅಂದೆ. ಪಕ್ಕದ ಮನೆಯವರು ನೋಡಿದರು, ಅವರ ಹುಡುಗನೂ ನೋಡಿದ. ನಾಚಿಕೆ ಬಂತು, ಹಾಸಿಗೆ ಒದ್ದೆಯಾಗುವುದು ಮಾತ್ರ ನಿಲ್ಲಲಿಲ್ಲ. ಆಮೇಲೆ ಒಂದು ತಿಂಗಳು ಅವನು ಬೆಳಗಾಗುವ ಮೊದಲೇ ಎದ್ದು, ಒದ್ದೆ ಚಾದರವನ್ನು ಮಂಚದ ಕೆಳಗೆ ತುರುಕಿಟ್ಟು ಮತ್ತೆ ಮಲಗುತ್ತಿದ್ದ. ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟೆ.

ಈಗ ಅದೇ ಹುಡುಗ ಮೂವತ್ತೆಂಟು ಮಕ್ಕಳ ನಡುವೆ ಚಾಪೆಯ ಮೇಲೆ ಮಲಗಬೇಕು.

ಊಟದ ಹೊತ್ತಿಗೆ ಪ್ರವಾಸದ ವಿಷಯ ಎತ್ತಿದೆ. ಅತ್ತೆಯವರು ಒಂದೇ ಮಾತಿಗೆ, "ಏನೂ ಬ್ಯಾಡ. ಅಷ್ಟು ಸಣ್ಣ ಹುಡುಗ್ರನ್ನ ಎಲ್ಲಿಗೆ ಕಳಿಸ್ತೀರಿ? ಮುರುಡೇಶ್ವರದಾಗ ಏನಾತು ಮರ್ತಿರೇನು?" ಅಂದರು. ಮರೆಯುವ ಸುದ್ದಿಯಲ್ಲ ಅದು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳನ್ನು ಮುರುಡೇಶ್ವರದ ಕಡಲು ಎಳೆದುಕೊಂಡಿತು. ಆ ಸುದ್ದಿ ಓದಿದ ದಿನ ತುತ್ತು ಗಂಟಲಲ್ಲಿ ಇಳಿಯದ ತಾಯಿ ಯಾರಿದ್ದಾಳೆ?

"ಇದು ಸಮುದ್ರ ಅಲ್ಲಮ್ಮ, ಟೀಚರ ಮನೆ" ಅಂದರು ನಮ್ಮವರು. "ಗಂಡುಹುಡುಗ, ಹೋಗಿ ಬರಲಿ."

"ಅದಲ್ಲ" ಅಂದೆ ನಾನು, ಮಗನ ಕಡೆ ನೋಡದೆ. "ರಾತ್ರಿದು..."

ಮಗ ತಟ್ಟೆಯೊಳಗೆ ತಲೆ ತಗ್ಗಿಸಿದ. ಯಾರೂ ಮಾತಾಡಲಿಲ್ಲ. ಆಗ ಅತ್ತೆಯವರು ಮಜ್ಜಿಗೆ ಲೋಟ ಕೆಳಗಿಟ್ಟು, "ಅದಕ್ಕೇನು ಈ ಪಾಟಿ ಮುಖ ಮಾಡ್ಕೊಂಡೀರಿ? ನಿಮ್ಮಪ್ಪ ಐದನೇ ಇಯತ್ತೆಗೆ ಹೋಗೋ ತನಕಾ ದಿನಾ ನನ್ನ ಕೈಲಿ ಕೌದಿ ತೊಳೆಸ್ಯಾನೆ. ತುಂಗಭದ್ರೆ ಹೊಳೆ ಸವೆದುಹೋಗಿಲ್ಲ ಪುಣ್ಯ" ಅಂದರು.

ನಮ್ಮವರ ಕಿವಿ ಕೆಂಪಾಯಿತು. ಮದುವೆಯಾಗಿ ಇಪ್ಪತ್ತೊಂದು ವರ್ಷ, ನನಗೇ ಗೊತ್ತಿರಲಿಲ್ಲ! ಪಿಯುಸಿ ಓದುವ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮಗ ತಲೆ ಎತ್ತಿ ಅಪ್ಪನನ್ನೇ ನೋಡಿದ. "ಹೌದಾ ಅಪ್ಪ?" ಅಂದ. ಅಪ್ಪ ಒಂದು ತುತ್ತು ನುಂಗಿ, "ಹೌದಪ್ಪ" ಅಂದರು. "ಸ್ಕೌಟ್ ಕ್ಯಾಂಪಿಗೆ ಹೆಸರು ಕೊಟ್ಟು, ಹೊಟ್ಟೆನೋವು ಅಂತ ಸುಳ್ಳು ಹೇಳಿ ಹೋಗಲೇ ಇಲ್ಲ. ಈಗಲೂ ಆ ಬೇಜಾರು ಇದೆ ನಂಗೆ."

ಅಷ್ಟೇ. ಉಪದೇಶ ಇಲ್ಲ, ಏನಿಲ್ಲ. ಆದರೆ ಮಗ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ನಾನು ಎರಡು ವರ್ಷ ಬೈದು, ಹರಕೆ ಹೊತ್ತು ಕೊಡಲಾಗದ ಧೈರ್ಯವನ್ನು ಅಪ್ಪನ "ಹೌದಪ್ಪ" ಕೊಟ್ಟಿತ್ತು.

ಮಾರನೆಯ ವಾರ ಅವನನ್ನು ದಾವಣಗೆರೆಯ ಮಕ್ಕಳ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಯಾವಾಗಲೋ ಹೋಗಬೇಕಿತ್ತು, ನಾಚಿಕೆ ಬಿಟ್ಟಿರಲಿಲ್ಲ. ಅವರು ಹೇಳಿದ್ದನ್ನು ನಿಮ್ಮ ಉಪಯೋಗಕ್ಕೆ ಬರೆಯುತ್ತೇನೆ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ, ಹತ್ತು ವರ್ಷದವರಲ್ಲಿ ನೂರಕ್ಕೆ ಸುಮಾರು 5 ಮಕ್ಕಳಿಗೆ ಇದು ಇರುತ್ತದಂತೆ. ಹುಡುಗರಲ್ಲಿ ಹೆಚ್ಚು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೂ ಬರುವ ಸಂಭವ ಜಾಸ್ತಿ. ಇದು ಸೋಮಾರಿತನವಲ್ಲ, ಹಟವಲ್ಲ. ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡುವ ಒಂದು ರಸ ನಮ್ಮೆಲ್ಲರ ಮೈಯಲ್ಲಿ ಸ್ರವಿಸುತ್ತದೆ. ಕೆಲವು ಮಕ್ಕಳಲ್ಲಿ ಅದು ತಡವಾಗಿ ಹದಕ್ಕೆ ಬರುತ್ತದೆ. ಜೊತೆಗೆ, ಮೂತ್ರಚೀಲ ತುಂಬಿದೆ ಎನ್ನುವ ಸೂಚನೆಗೆ ಎಚ್ಚರವಾಗದಷ್ಟು ನಿದ್ದೆ. ಮಲಬದ್ಧತೆ ಇದ್ದರೆ ತೊಂದರೆ ಇನ್ನೂ ಹೆಚ್ಚು. ಹೆಚ್ಚಿನ ಮಕ್ಕಳಲ್ಲಿ ವರ್ಷ ಕಳೆದಂತೆ ತಾನಾಗಿಯೇ ನಿಲ್ಲುತ್ತದೆ. ಹೊಡೆದು ಬೈದು ಯಾರದೂ ನಿಂತಿಲ್ಲ.

"ನೀರೇ ಕೊಡದೆ ಇರಬೇಡಿ" ಅಂದರು ವೈದ್ಯರು. "ಹಗಲು ಚೆನ್ನಾಗಿ ಕುಡೀಲಿ. ಮಲಗೋ ಎರಡು ಗಂಟೆ ಮುಂಚೆ ಕಡಿಮೆ ಮಾಡಿ. ಸಂಜೆ ಮೇಲೆ ಟೀ, ಕಾಫಿ, ಬಾಟಲಿ ಪಾನೀಯ ಬೇಡ. ಮಲಗುವಾಗ ತಪ್ಪದೆ ಬಚ್ಚಲಿಗೆ ಕಳಿಸಿ." ಪ್ರವಾಸದಂಥ ಸಂದರ್ಭಕ್ಕೆ ಒಂದು ಮಾತ್ರೆಯೂ ಇದೆಯಂತೆ. ಆದರೆ ಅದನ್ನು ತೆಗೆದುಕೊಂಡ ರಾತ್ರಿ ನೀರಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿರಬೇಕು, ಇಲ್ಲದಿದ್ದರೆ ಅಪಾಯ. ನೀವಾಗಿ ಅಂಗಡಿಯಲ್ಲಿ ಕೇಳಿ ಕೊಳ್ಳುವ ಔಷಧಿ ಅಲ್ಲವೇ ಅಲ್ಲ. ನಮ್ಮ ಹುಡುಗನಿಗೆ ಅದು ಬೇಡ ಅಂದರು. ಆರು ತಿಂಗಳು ಸರಿ ಇದ್ದ ಮಗುವಿಗೆ ಮತ್ತೆ ಶುರುವಾದರೆ, ಉರಿ ನೋವಿದ್ದರೆ, ಅತಿಯಾದ ಬಾಯಾರಿಕೆ ಇದ್ದರೆ, ಹಗಲೂ ಹನಿಯುತ್ತಿದ್ದರೆ ಮಾತ್ರ ತಡಮಾಡದೆ ತೋರಿಸಬೇಕು.

ಇನ್ನು ಶಾಲೆಯಲ್ಲಿ ಹೇಳುವ ಕೆಲಸ ಉಳಿಯಿತು. ಪ್ರವಾಸಕ್ಕೆ ಮುಂಚೆ ತಾಯಂದಿರ ಸಭೆ ಕರೆದಿದ್ದರು. ಪ್ರಶ್ನೆಗಳ ಸುರಿಮಳೆ. ಬಸ್ಸಿನ ಡ್ರೈವರ್ ಹೇಗೆ, ನೀರು ಕಾಯಿಸಿ ಕೊಡುತ್ತಾರಾ, ಹೆಣ್ಣುಮಕ್ಕಳು ಎಲ್ಲಿ ಮಲಗುತ್ತಾರೆ, ಇಂಬಳ ಕಚ್ಚುತ್ತವೆಯಾ, ಮೊಬೈಲ್ ಕೊಟ್ಟು ಕಳಿಸಬಹುದಾ? ಟೀಚರ್ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಮೊಬೈಲ್ ಬೇಡ, ಫೋಟೊ ನಾನೇ ಕಳಿಸುತ್ತೇನೆ. ಇಂಬಳ ಮಳೆಗಾಲದ್ದು, ಫೆಬ್ರುವರಿಯಲ್ಲಿ ಭಯ ಇಲ್ಲ. ಹೆಣ್ಣುಮಕ್ಕಳು ಉಪ್ಪರಿಗೆಯಲ್ಲಿ ನನ್ನ ಮತ್ತು ಆಯಾ ಜೊತೆ, ಹುಡುಗರು ಕೆಳಗಿನ ಜಗಲಿಯಲ್ಲಿ ಇಬ್ಬರು ಮೇಷ್ಟ್ರ ಜೊತೆ. ಕೆರೆ, ಬಾವಿಯ ಕಡೆ ಒಬ್ಬರನ್ನೂ ಬಿಡುವುದಿಲ್ಲ.

ನಾನು ಕೈ ಎತ್ತಲಿಲ್ಲ. ಎಲ್ಲರೂ ಹೋಗಲಿ ಅಂತ ಚೀಲದಲ್ಲಿ ಏನೋ ಹುಡುಕುವವಳ ಹಾಗೆ ನಿಂತೆ. ಕೋಣೆ ಖಾಲಿಯಾದ ಮೇಲೆ ಹತ್ತಿರ ಹೋಗಿ, "ಮೇಡಂ, ಒಂದು ವಿಷಯ..." ಅಂದು ತೊದಲಿದೆ. ಅವರು ನೋಟ್‌ಬುಕ್ ತೆರೆದು, "ರಾತ್ರಿ ವಿಷಯನಾ? ಹೇಳಿ. ನೀವು ಐದನೆಯವರು" ಅಂದರು.

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಐದು ಜನ! ಒಬ್ಬರು ಫೋನು ಮಾಡಿದ್ದರಂತೆ, ಒಬ್ಬರು ಚೀಟಿ ಕಳಿಸಿದ್ದರಂತೆ. ಒಬ್ಬರ ಮನೆಗೂ ಇನ್ನೊಬ್ಬರ ಮನೆಗೂ ನಾಲ್ಕು ಬೀದಿ ದೂರವಿಲ್ಲದ ನಾವು, ಸಂತೆಯಲ್ಲಿ ಎದುರಾದಾಗ ಮಕ್ಕಳ ಮಾರ್ಕ್ಸು, ಟ್ಯೂಷನ್ನು ಎಲ್ಲ ಮಾತಾಡುವ ನಾವು, ಇದನ್ನು ಮಾತ್ರ ಒಬ್ಬೊಬ್ಬರೇ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದೆವು.

ಟೀಚರ್ ಮಾಡಿದ ಏರ್ಪಾಡು ಕೇಳಿ. ಆ ಐದು ಮಕ್ಕಳಿಗೆ ಮಾತ್ರ ಬೇರೆ ಹಾಸಿಗೆ, ಬೇರೆ ಜಾಗ ಅಂತ ಮಾಡಲಿಲ್ಲ. ಎಲ್ಲ ಚಾಪೆಯ ಕೆಳಗೂ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹಾಳೆ. ಮಲಗುವ ಮುಂಚೆ ಎಲ್ಲ ಮಕ್ಕಳೂ ಸಾಲಾಗಿ ಬಚ್ಚಲಿಗೆ. ರಾತ್ರಿ ಒಂದು ಗಂಟೆಗೆ ಎಲ್ಲರನ್ನೂ ಎಬ್ಬಿಸಿ ಮತ್ತೊಂದು ಸಲ. "ಇದು ಪ್ರವಾಸದ ನಿಯಮ ಅಂತ ಹೇಳ್ತೀನಿ. ಯಾರಿಗೋಸ್ಕರ ಅಂತ ಯಾರಿಗೂ ತಿಳಿಯಲ್ಲ" ಅಂದರು. ಆಲೆಮನೆಯನ್ನು ಮೊದಲು ರಾತ್ರಿ ಊಟದ ನಂತರಕ್ಕೆ ಇಟ್ಟಿದ್ದರು. ಅಲ್ಲಿ ಕಬ್ಬಿನ ಹಾಲು ಎಷ್ಟು ಬೇಕಾದರೂ ಕುಡಿಯಬಹುದು, ಕೇಳುವವರಿಲ್ಲ. ಮಕ್ಕಳನ್ನು ತಡೆಯುವವರು ಯಾರು? ಅದನ್ನು ಮಧ್ಯಾಹ್ನ ಮೂರಕ್ಕೆ ಬದಲಾಯಿಸಿದರು. ದೊಡ್ಡ ಉಪಕಾರಗಳು ಕೆಲವು ಸಲ ಗಂಟೆ ಬದಲಾಯಿಸಿದಷ್ಟು ಚಿಕ್ಕದಾಗಿರುತ್ತವೆ ನೋಡಿ.

ಚೀಲ ತುಂಬುವ ಕೆಲಸ ಅವನದೇ ಆಯಿತು. ನಾನು ತುಂಬಿದರೆ ಯಾವುದು ಎಲ್ಲಿದೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಕಡುನೀಲಿ ಬಣ್ಣದ ಎರಡು ಚಾದರ, ಎರಡು ಜೊತೆ ಹೆಚ್ಚಿನ ಚಡ್ಡಿ, ಒಂದು ಗಟ್ಟಿ ಪ್ಲಾಸ್ಟಿಕ್ ಕವರು. "ಒದ್ದೆಯಾದರೆ ಏನು ಮಾಡ್ತೀಯ?" ಅಂತ ಕೇಳಿ ನಾಲ್ಕು ಸಲ ಮನೆಯಲ್ಲೇ ಮಾಡಿಸಿದೆ. ಒದ್ದೆಯದನ್ನು ಒಳಮಗ್ಗುಲಾಗಿ ಮಡಚುವುದು, ಕವರಿಗೆ ಹಾಕಿ ಗಂಟು ಕಟ್ಟುವುದು, ಬೇರೆ ಚಡ್ಡಿ ಹಾಕಿಕೊಳ್ಳುವುದು. ಮೊದಲ ಸಲ ನಾಚಿಕೊಂಡ, ನಾಲ್ಕನೇ ಸಲ ಅಕ್ಕನಿಗೆ ಟೈಮ್ ಹಿಡಿಯಲು ಹೇಳಿ ಪಂದ್ಯದ ಹಾಗೆ ಮಾಡಿದ.

ದಾರಿಗೆ ಎಲ್ಲ ಮನೆಯಿಂದ ಒಂದೊಂದು ತಿಂಡಿ ಕಳಿಸಬೇಕಿತ್ತು. ನನ್ನ ಪಾಲಿಗೆ ಶೇಂಗಾ ಹೋಳಿಗೆ ಬಂತು. ಪ್ರಯಾಣಕ್ಕೆ ಇದರಷ್ಟು ಅನುಕೂಲದ ಸಿಹಿ ಇಲ್ಲ, ವಾರವಾದರೂ ಕೆಡುವುದಿಲ್ಲ. ಎರಡು ಪಾವು ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ಪುಡಿ ಮಾಡಿ. ಒಂದೂವರೆ ಪಾವು ಬೆಲ್ಲದ ಪುಡಿ, ನಾಲ್ಕು ಚಮಚ ಹುರಿದ ಎಳ್ಳಿನ ಪುಡಿ, ಏಲಕ್ಕಿ ಸೇರಿಸಿ. ನಾಲ್ಕೈದು ಚಮಚ ಬಿಸಿನೀರು ಚಿಮುಕಿಸಿದರೆ ಉಂಡೆ ಕಟ್ಟಲು ಬರುತ್ತದೆ. ಹೆಚ್ಚು ನೀರು ಬಿದ್ದರೆ ಲಟ್ಟಿಸುವಾಗ ಹರಿಯುತ್ತದೆ, ಬೇಗ ಕೆಡುತ್ತದೆ. ಗೋಧಿಹಿಟ್ಟಿಗೆ ಒಂದು ಹಿಡಿ ಚಿರೋಟಿ ರವೆ, ಚಿಟಿಕೆ ಉಪ್ಪು, ಎಣ್ಣೆ ಹಾಕಿ ನಾದಿ ಒಂದು ಗಂಟೆ ಬಿಟ್ಟ ಕಣಕದಲ್ಲಿ ತುಂಬಿ, ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಒಂದು ಎಚ್ಚರಿಕೆ, ಶೇಂಗಾ ಮೈಗೆ ಆಗದ ಮಕ್ಕಳಿರುತ್ತಾರೆ. ಟೀಚರನ್ನು ಮೊದಲೇ ಕೇಳಿಕೊಳ್ಳಿ. ನಾನು ಕೇಳಿದ್ದೆ.

ಶನಿವಾರ ಬೆಳಿಗ್ಗೆ ಇನ್ನೂ ಕತ್ತಲೆ. ಬಸ್ಸಿನ ಬಳಿ ಅಳುತ್ತಿದ್ದವರೆಲ್ಲ ಅಮ್ಮಂದಿರೇ, ಮಕ್ಕಳಲ್ಲ. ನನ್ನ ಮಗ ಹತ್ತುವಾಗ ಒಮ್ಮೆ ತಿರುಗಿ ನೋಡಿ ಚೀಲ ತಟ್ಟಿದ. 'ಎಲ್ಲ ಇದೆ' ಅಂತ ಅದರ ಅರ್ಥ. ಹೊನ್ನಾಳಿ, ಶಿಕಾರಿಪುರ ಮೇಲೆ ಬಸ್ಸು ಹೋಯಿತು. ನಾನು ಮನೆಗೆ ಬಂದು ಅಭ್ಯಾಸಬಲದಿಂದ ಅವನ ಲೋಟಕ್ಕೂ ಹಾಲು ಬಗ್ಗಿಸಿದೆ.

ಸಂಜೆ ಫೋಟೊಗಳು ಬಂದವು. ಆಲೆಮನೆಯ ಮುಂದೆ ಮಕ್ಕಳೆಲ್ಲ ಸ್ಟೀಲ್ ಲೋಟ ಹಿಡಿದು ನಿಂತಿದ್ದಾರೆ, ಎಲ್ಲರ ಮೂಗಿನ ಕೆಳಗೂ ನೊರೆಯ ಮೀಸೆ. ರಾತ್ರಿ ಎಂಟರ ನಂತರ ಫೋನಿನಲ್ಲಿ ಏನೂ ಬರಲಿಲ್ಲ. ಆ ಹಳ್ಳಿಯಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು ಅಂತ ಟೀಚರ್ ಮೊದಲೇ ಹೇಳಿದ್ದರು. ಹೇಳಿದ್ದರೂ ನಾನು ಹತ್ತು ಸಲ ನೋಡಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ದಿನಾ ಆ ಹೊತ್ತಿಗೆ ಎದ್ದು ಅವನ ಹಾಸಿಗೆ ಮುಟ್ಟಿ ನೋಡುವುದು ನನ್ನ ರೂಢಿ. ಕೈ ಚಾಚಿದೆ. ಒಣಗಿತ್ತು. ಒಣಗಿದ ಹಾಸಿಗೆಯನ್ನು ಮುಟ್ಟಿ ಅಷ್ಟು ಬೇಸರವಾದದ್ದು ಅದೇ ಮೊದಲು. ಅತ್ತೆಯವರು ನಡುಮನೆಯಿಂದ, "ನಂಗೂ ನಿದ್ದಿ ಇಲ್ಲ, ಬಾ ಇಲ್ಲೇ" ಅಂದರು. ಇಬ್ಬರೂ ಕತ್ತಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡೆವು. ಅವತ್ತು ಅವರು, "ಇವನ್ನ ಆ ಕ್ಯಾಂಪಿಗೆ ಬಲವಂತ ಮಾಡಿ ಕಳಿಸ್ಬೇಕಿತ್ತು ನಾನು" ಅಂದರು. ನಲವತ್ತು ವರ್ಷದ ಹಿಂದಿನ ಮಾತು! ತಾಯಂದಿರ ಲೆಕ್ಕ ಎಷ್ಟು ದೂರದ ತನಕ ಇರುತ್ತದೆ ನೋಡಿ.

ಭಾನುವಾರ ರಾತ್ರಿ ಒಂಬತ್ತಕ್ಕೆ ಬಸ್ಸು ಬಂತು. ಇಳಿದ ಹುಡುಗನ ಮೈಯೆಲ್ಲ ಹೊಗೆ, ಬೆಲ್ಲ, ಸಗಣಿ ಸೇರಿದ ಒಂದು ವಾಸನೆ. ಬಾಯಿ ನಿಲ್ಲಲೇ ಇಲ್ಲ.

ಗಾಣವನ್ನು ಮೊದಲೆಲ್ಲ ಕೋಣಗಳು ತಿರುಗಿಸುತ್ತಿದ್ದವಂತೆ, ಈಗ ಎಂಜಿನ್ ಇದೆಯಂತೆ. ಮನೆಯ ಗೇಟಿನಷ್ಟು ಅಗಲದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೂರು ನಾಲ್ಕು ಗಂಟೆ ಕುದಿಯುತ್ತದಂತೆ. ಸ್ವಲ್ಪ ಸುಣ್ಣ ಹಾಕಿದರೆ ಕೊಳೆಯೆಲ್ಲ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಕೊನೆಗೆ ಉಕ್ಕುವ ನೊರೆಬೆಲ್ಲವನ್ನು ಬಾಳೆಲೆಯ ತುಂಡಿನ ಮೇಲೆ ಹಾಕಿ ಕೊಟ್ಟರಂತೆ. "ಅಲ್ಲಿ ಬೆಲ್ಲ ಅಚ್ಚು ಇರಲ್ಲಮ್ಮ, ಜೇನಿನ ಹಂಗೆ ಸುರೀತದೆ. ಜೋನಿ ಬೆಲ್ಲ." ಬೋರಲು ಹಾಕಿದ ಮಡಕೆಯ ಮೇಲೆ, ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಬೆರೆಸಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಬಳಿದು, ಕಾಗದದಷ್ಟು ತೆಳ್ಳಗೆ ತೊಡೆದೇವು ಮಾಡಿದ್ದರು. ಅಜ್ಜಿಗೆ ಅಂತ ಎರಡು ತಂದಿದ್ದ. ದಾರಿಯಲ್ಲಿ ಪುಡಿಯಾಗಿತ್ತು. ಅತ್ತೆಯವರು ಆ ಪುಡಿಯನ್ನೇ ಅಂಗೈಯಲ್ಲಿ ಹಾಕಿಕೊಂಡು ತಿಂದರು.

ಕೆಳದಿಯ ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿ ಎರಡು ತಲೆಯ ಗಂಡಭೇರುಂಡವನ್ನು ಮೊದಲು ಕಂಡುಹಿಡಿದವನು ತಾನೇ ಅಂತೆ. ಅಲ್ಲಿ ಆಳಿದ ಚೆನ್ನಮ್ಮ ಎಂಬ ರಾಣಿ, ಔರಂಗಜೇಬನ ಸೈನ್ಯ ಅಟ್ಟಿಸಿಕೊಂಡು ಬರುತ್ತಿದ್ದರೂ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕಥೆ ಹೇಳಿದ. "ಮುನ್ನೂರು ವರ್ಷಕ್ಕಿಂತ ಹಿಂದೆ ಅಮ್ಮ. ಆ ರಾಣಿ ಹೆದರಲೇ ಇಲ್ವಂತೆ."

ರಾತ್ರಿ ಒಂದು ಗಂಟೆಗೆ ಎಬ್ಬಿಸಿದ್ದು ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿತ್ತು. ಟಾರ್ಚ್ ಹಿಡಿದ ಮೇಷ್ಟ್ರ ಹಿಂದೆ ಸಾಲಾಗಿ ಅಂಗಳಕ್ಕೆ ಹೋಗಿ ಬಂದರಂತೆ. ಬರುವಾಗ ಮೇಷ್ಟ್ರು ಟಾರ್ಚ್ ಆರಿಸಿ, "ಈಗ ಮೇಲೆ ನೋಡಿ" ಅಂದರಂತೆ. "ಅಮ್ಮಾ, ನಕ್ಷತ್ರ ಅಷ್ಟೊಂದಿರ್ತಾವಾ? ನಮ್ಮೂರಲ್ಲಿ ಯಾಕಿಲ್ಲ?"

ನಾನು ಕಾಯುತ್ತಿದ್ದ ಪ್ರಶ್ನೆಯನ್ನು ಕೇಳಲಿಲ್ಲ. ನಾಲಗೆ ಕಚ್ಚಿ ಹಿಡಿದಿದ್ದೆ. ಕೊಟ್ಟಿಗೆಯಲ್ಲಿ ಹುಟ್ಟಿ ನಾಲ್ಕು ದಿನವಾದ ಕರು ಅವನ ಅಂಗಿಯ ತುದಿ ಚೀಪಿದ್ದು, ಅಡಿಕೆ ಮರ ಹತ್ತುವವರು ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವುದು, ಸಹಪಾಠಿಯೊಬ್ಬ ಹಾಲು ಕರೆಯಲು ಹೋಗಿ ಒದೆಸಿಕೊಂಡಿದ್ದು, ಎಲ್ಲ ಹೇಳಿ ಮುಗಿಸಿ, ಚೀಲದಿಂದ ಗಂಟು ಕಟ್ಟಿದ ಕವರು ತೆಗೆದು ನನ್ನ ಕೈಗಿತ್ತ.

"ಬೆಳಗ್ಗೆ ಹೊತ್ತಿಗೆ ಒದ್ದೆ ಆಗಿತ್ತು. ನಾನೇ ಮಡಚಿಟ್ಟೆ. ಆ ಮನೆ ಅಜ್ಜಿ ನೋಡಿದ್ರು."

ನನ್ನ ಎದೆ ಧಸಕ್ಕೆಂದಿತು. "ಏನಂದ್ರು?"

"ಬಚ್ಚಲ ಹಂಡೆಯಲ್ಲಿ ಬಿಸಿನೀರು ಕಾದಿದೆ ಅಪ್ಪಿ, ಮೊದಲು ನೀನೇ ಸ್ನಾನ ಮಾಡು ಅಂದ್ರು. ಅಲ್ಲಿ ಹುಡುಗ್ರನ್ನ ಅಪ್ಪಿ ಅಂತಾರಮ್ಮ. ಆಮೇಲೆ ಎಲ್ಲರಿಗಿಂತ ಮೊದ್ಲು ಕರು ನೋಡಿದ್ದೂ ನಾನೇ." ಅಷ್ಟು ಹೇಳಿ, "ಅಮ್ಮಾ, ಮುಂದಿನ ವರ್ಷ ಎರಡು ರಾತ್ರಿ ಅಂತೆ, ನನ್ನ ಹೆಸರು ಕೊಟ್ಟಾಯ್ತು" ಅಂತ ಒಳಗೆ ಓಡಿದ.

ಸೋದರಿಯರೇ, ಯಾವುದು ನಡೆಯಬಾರದು ಅಂತ ಒಂದು ತಿಂಗಳು ನಿದ್ದೆಗೆಟ್ಟಿದ್ದೆನೋ ಅದು ನಡೆದೇ ಹೋಗಿತ್ತು. ಅವನ ಪಾಲಿಗೆ ಅದು ಕರುವಿನ ನಂತರದ ಸುದ್ದಿ, ಅಷ್ಟೇ. ಒದ್ದೆಯಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಒದ್ದೆಯಾದರೆ ಏನು ಮಾಡಬೇಕು ಅಂತ ಕಲಿಸಿದ್ದೇ ಕೊನೆಗೆ ಕೆಲಸಕ್ಕೆ ಬಂತು.

ನಿಮ್ಮ ಮಗುವೂ ಮೊದಲ ಸಲ ರಾತ್ರಿ ತಂಗುವ ಪ್ರವಾಸಕ್ಕೆ ಹೊರಟಿದ್ದರೆ ಈ ನಾಲ್ಕು ಮಾತು ನೆನಪಿರಲಿ.

1. ಎಲ್ಲಿ ಮಲಗುತ್ತಾರೆ, ಜೊತೆಗೆ ಯಾರಿರುತ್ತಾರೆ, ನೀರಿನ ಹತ್ತಿರ ಹೋಗುತ್ತಾರೆಯೇ, ಸಮೀಪದ ಆಸ್ಪತ್ರೆ ಯಾವುದು ಎಂದು ಕೇಳಿ. ಕೇಳಲು ಸಂಕೋಚ ಬೇಡ. ಸರಿಯಾದ ಉತ್ತರ ಬರದಿದ್ದರೆ ಕಳಿಸುವುದು ಬೇಡ.

2. ಹಾಸಿಗೆ ಒದ್ದೆ, ನಿದ್ದೆಯಲ್ಲಿ ನಡೆಯುವುದು, ಉಬ್ಬಸ, ಕತ್ತಲೆಯ ಭಯ, ಏನಿದ್ದರೂ ಟೀಚರಿಗೆ ಮುಂಚೆಯೇ ಹೇಳಿ. ಮಗುವಿಗೆ ತಿಳಿಸಿಯೇ ಹೇಳಿ, ಅವರ ಬೆನ್ನ ಹಿಂದೆ ಬೇಡ. ಔಷಧಿ ಇದ್ದರೆ ಹೆಸರು, ಹೊತ್ತು ಬರೆದು ಟೀಚರ ಕೈಗೇ ಕೊಡಿ.

3. ಬಸ್ಸಿನಲ್ಲಿ ವಾಂತಿಯಾಗುವ ಮಗುವಿಗೆ ಹೊರಡುವ ಒಂದು ಗಂಟೆ ಮುಂಚೆ ಹಗುರವಾಗಿ ತಿನ್ನಿಸಿ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮುಂದಿನ ಸೀಟು, ದೂರಕ್ಕೆ ನೋಟ, ಕೈಯಲ್ಲಿ ಪುಸ್ತಕ ಬೇಡ.

4. ಚೀಲ ಮಗುವೇ ತುಂಬಲಿ. ನಿಮ್ಮ ಫೋನ್ ನಂಬರು ಬಾಯಿಪಾಠವಾಗಿರಲಿ. ಚಿನ್ನದ ಓಲೆ, ಸರ ಮನೆಯಲ್ಲೇ ಇರಲಿ.

ಕವರಿನೊಳಗಿನ ಆ ಚಾದರವನ್ನು ಸೋಮವಾರ ಬೆಳಿಗ್ಗೆ ಒಗೆದು ಹಿತ್ತಿಲಲ್ಲಿ ಒಣಗಿಸಲು ಹೊರಟಿದ್ದೆ. ಮಗ ಹಲ್ಲುಜ್ಜುತ್ತಾ ಬಂದು, "ಅಲ್ಲಿ ಬಿಸಿಲಿಲ್ಲಮ್ಮ, ಮುಂದಿನ ತಂತಿಗೆ ಹಾಕು" ಅಂದ. ಅವನು ಹೇಳಿದ ಕಡೆಯೇ ಹಾಕಿದೆ.

ನಿಮ್ಮ ಮನೆಯಲ್ಲೂ ಇಂಥ ಅನುಭವ ಇದ್ದರೆ ಬರೆದು ತಿಳಿಸಿ, ಹೆಸರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಬೇಸಿಗೆಯ ಹಪ್ಪಳ ಸಂಡಿಗೆಯ ಮಾತು.